ಜಾರ್ಜ್‌ಟೌನಿನ ಹಾಳು ತೋಟದಲ್ಲಿ ಚಿಲ್ಲರೆ ಹುಡುಕಿದ್ದು

ಮೆಡೋವೇಲ್‌ನ ಗ್ಯಾರೇಜು

ಹುಬ್ಬಳ್ಳಿ–ಬೆಳಗಾವಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ ನಾನು ನೌಕರಿಯುದ್ದಕ್ಕೂ ಚಿಲ್ಲರೆ ಕೊಡ್ರಿ, ಚಿಲ್ಲರೆ ಕೊಡ್ರಿ ಎಂದು ಗಂಟಲು ಹರಿದುಕೊಂಡವಳು. ರಿಟೈರ್ ಆದ ಮೇಲಾದರೂ ಆ ಕಾಟ ತಪ್ಪಿತು ಎಂದುಕೊಂಡು ಕೆನಡಾದಲ್ಲಿರುವ ತಂಗಿಯ ಮನೆಗೆ ಹೋದರೆ, ತಂಗಿಯ ಗಂಡ ನನ್ನ ಕೈಗೊಂದು ಯಂತ್ರ ಕೊಟ್ಟು, ನೆಲದೊಳಗಿನ ಚಿಲ್ಲರೆ ಹುಡುಕಲು ಕರೆದುಕೊಂಡು ಹೋದರು. ಅಲ್ಲಿಗೆ ಹೋಗಿಬಂದವರೆಲ್ಲ ನಯಾಗರಾ ಜಲಪಾತದ ಬಗ್ಗೆ ಬರೆಯುತ್ತಾರೆ. ಅದನ್ನು ನಾನೂ ನೋಡಿದೆ. ನೀರು ಬೀಳುತ್ತದೆ, ಬಟ್ಟೆ ತೋಯುತ್ತದೆ, ಗೋಕಾಕದ್ದನ್ನು ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ನಾನು ಬರೆಯಬೇಕೆಂದಿರುವುದು ಜಾರ್ಜ್‌ಟೌನ್ ಹತ್ತಿರದ ಒಂದು ಹಾಳು ತೋಟದ ಬಗ್ಗೆ.

ತಂಗಿ ನೀಲಾ ಇರುವುದು ಮೆಡೋವೇಲ್ ಎಂಬ ಬಡಾವಣೆಯಲ್ಲಿ. ಸಣ್ಣ ಮಕ್ಕಳ ಡೇಕೇರಿನಲ್ಲಿ ಕೆಲಸ ಮಾಡುತ್ತಾಳೆ. ಹುಬ್ಬಳ್ಳಿಯ ಚಾಳದಲ್ಲಿದ್ದಾಗ ನಳದ ಮುಂದೆ ಕೊಡ ಹಿಡಿದು ನಿಂತು ಇಡೀ ಓಣಿಯನ್ನು ಹೆದರಿಸಿದ ಹುಡುಗಿ ಅವಳು. ಈಗ ಬಾಗಿಲು ತೆಗೆದರೆ ಸಾರಿ, ಮುಚ್ಚಿದರೆ ಸಾರಿ. ನಾನು ಹಿತ್ತಲಲ್ಲಿ ನಿಂತು ಫೋನಿನಲ್ಲಿ ನಮ್ಮ ಮನೆಯವರ ಜೊತೆ ಮಾತಾಡಿದರೆ ಒಳಗಿನಿಂದ ಓಡಿ ಬರುತ್ತಿದ್ದಳು. “ಅಕ್ಕಾ, ಪ್ಲೀಸ್, ವಾಯ್ಸ್ ಸ್ವಲ್ಪ ಲೋ ಮಾಡು. ನೇಬರ್ಸ್ ಏನ್ ತಿಳ್ಕೋತಾರ.” ಬಸ್ಸಿನ ಹಿಂದಿನ ಸೀಟಿಗೆ ಕೇಳುವಂತೆ ಪಳಗಿದ ಗಂಟಲು ನನ್ನದು. ನೇಬರ್ಸ್‌ಗಾಗಿ ಹೊಸದನ್ನು ಎಲ್ಲಿಂದ ತರಲಿ?

ಅವಳ ಗಂಡ ಬಸವರಾಜರು ಬೈಲಹೊಂಗಲದ ಕಡೆಯವರು, ಮಾತು ಕಡಿಮೆ. ವಾರವಿಡೀ ಕಂಡವರ ಬೇಸ್‌ಮೆಂಟುಗಳಲ್ಲಿ ಕೂತು ಮನೆ ಬೆಚ್ಚಗಿಡುವ ಯಂತ್ರ ರಿಪೇರಿ ಮಾಡುತ್ತಾರೆ. ರವಿವಾರ ಬಂತೆಂದರೆ ತುದಿಗೆ ತಟ್ಟೆ ಕಟ್ಟಿದ ಒಂದು ಉದ್ದ ಕೋಲು ಹಿಡಿದು ಹೊರಡುತ್ತಾರೆ. ಅದೇ ಮೆಟಲ್ ಡಿಟೆಕ್ಟರು. ಗ್ಯಾರೇಜಿನ ಗೋಡೆಯುದ್ದಕ್ಕೂ ಅವರ ಡಬ್ಬಿಗಳಿದ್ದವು. ಒಂದರಲ್ಲಿ ಬರೀ ಅಂಗಿಯ ಗುಂಡಿ, ಒಂದರಲ್ಲಿ ಕುದುರೆಯ ಲಾಳ, ಒಂದರಲ್ಲಿ ಚಮಚ, ಒಂದರಲ್ಲಿ ಹಸಿರುಗಟ್ಟಿದ ನಾಣ್ಯ. ನಮ್ಮೂರಿನಲ್ಲಾದರೆ ಗುಜರಿಯವನು ಇಷ್ಟಕ್ಕೆಲ್ಲ ಒಂದು ಪ್ಲಾಸ್ಟಿಕ್ ಬುಟ್ಟಿ ಕೊಟ್ಟು ಹೋಗುತ್ತಿದ್ದ.

ನಮ್ಮ ಕಡೆ ಜನ ಬಿಟ್ಟುಹೋದ ಹಳ್ಳಿಗೆ ಬೇಚರಾಕ್ ಅನ್ನುತ್ತಾರೆ. ನನ್ನ ರೂಟಿನಲ್ಲೂ ಅಂಥದೊಂದಿತ್ತು. ಒಂದು ಮುರುಕು ಗುಡಿ, ಒಂದು ಬಾವಿ, ಅಷ್ಟೇ ಉಳಿದಿದ್ದದ್ದು. ಬೆಳಗಿನ ಟ್ರಿಪ್ಪಿನಲ್ಲಿ ಹಾದುಹೋಗುವಾಗ ಒಮ್ಮೊಮ್ಮೆ ಗುಡಿಯ ಮುಂದೆ ಹೊಸ ಗುಂಡಿ ಕಾಣುತ್ತಿತ್ತು, ಪಕ್ಕದಲ್ಲಿ ಕೊಯ್ದ ಲಿಂಬೆಹಣ್ಣು, ಕುಂಕುಮ. ನಿಧಿಗಳ್ಳರ ಕೆಲಸ. ಹೀಗಾಗಿ ಬಸವರಾಜರ ಕೋಲು ನೋಡಿದ ಕೂಡಲೇ, ಪೊಲೀಸರು ಹಿಡಿಯುವುದಿಲ್ಲವೇ ಎಂದು ಕೇಳಿಬಿಟ್ಟೆ. ಅವರು ನಕ್ಕರು. ಹಾಡಹಗಲೇ ಹೋಗುವುದಂತೆ, ಜಾಗದ ಮಾಲೀಕರನ್ನು ಕೇಳಿಯೇ ಒಳಗೆ ಕಾಲಿಡುವುದಂತೆ. ಮೂಲನಿವಾಸಿಗಳ ಕಾಲದ್ದೇನಾದರೂ ಕಂಡರೆ ಅಲ್ಲಿಗೇ ನಿಲ್ಲಿಸಿ ಸರ್ಕಾರಕ್ಕೆ ತಿಳಿಸಬೇಕಂತೆ. ಸಿಕ್ಕಿದ್ದನ್ನೆಲ್ಲ ಮೊದಲು ಮಾಲೀಕರ ಮುಂದೆ ಹರಡಬೇಕಂತೆ. ಲಿಂಬೆಹಣ್ಣು ಬೇಡವೇ ಎಂದೆ. ಲಿಂಬೆಹಣ್ಣು ಬೇಡ, ಮಧ್ಯಾಹ್ನಕ್ಕೆ ರೊಟ್ಟಿ ಕಟ್ಟಿಕೊಂಡರೆ ಸಾಕು ಎಂದರು.

ಎಟೋಬಿಕೋಕ್‌ನ ಹಿತ್ತಲು

ನನ್ನನ್ನು ಸೀದಾ ತೋಟಕ್ಕೆ ಒಯ್ಯಲು ಬಸವರಾಜರಿಗೆ ಧೈರ್ಯವಾಗಲಿಲ್ಲ. ಮೊದಲು ಕಲಿಯಬೇಕೆಂದು ಎಟೋಬಿಕೋಕ್‌ನಲ್ಲಿರುವ ಅವರ ಗುಜರಾತಿ ಗೆಳೆಯರ ಹಿತ್ತಲಿಗೆ ಕರೆದೊಯ್ದರು. ಹಳೆಯ, ಮಹಡಿಯಿಲ್ಲದ ಮನೆ, ಹಿಂದೆ ಅಂಗೈಯಷ್ಟು ಹುಲ್ಲು. ಹುಲ್ಲಿನ ಅಡಿ ಬಸವರಾಜರೇ ನಾಣ್ಯ ಹುಗಿದಿಟ್ಟು, ಹುಡುಕಿ ಎಂದರು. ಕಬ್ಬಿಣ ಸಿಕ್ಕರೆ ಯಂತ್ರ ಗೊರಕೆ ಹೊಡೆಯುತ್ತದೆ. ಬೆಳ್ಳಿ, ತಾಮ್ರಕ್ಕೆ ಗಂಟೆಯ ಹಾಗೆ ಸ್ವಚ್ಛ ದನಿ. ಜೊತೆಗೆ ಹಿಡಿಕೆಯ ಮೇಲಿನ ಪರದೆಯಲ್ಲಿ ಒಂದು ನಂಬರು ಕಾಣುತ್ತದೆ, ಯಾವ ಲೋಹ ಇರಬಹುದು ಎಂಬುದರ ಅಂದಾಜು ಅದು.

ಐದು ನಿಮಿಷದಲ್ಲಿ ನನಗೆ ಗಂಟೆ ಕೇಳಿತು. ಅಗೆದೆ, ಏನೂ ಇಲ್ಲ. ಒಂದು ಹೆಜ್ಜೆ ಮುಂದಿಟ್ಟರೆ ಮತ್ತೆ ಗಂಟೆ. ಅಗೆದೆ, ಏನೂ ಇಲ್ಲ. ಹೀಗೆ ಹುಲ್ಲಿನ ತುಂಬ ಹೆಗ್ಗಣ ಹೊಕ್ಕ ಹಾಗೆ ಮಾಡಿಟ್ಟು, ಯಂತ್ರ ಕೆಟ್ಟಿದೆ ಎಂದು ಘೋಷಿಸಿದೆ. ಗೆಳೆಯರ ಹೆಂಡತಿ ಕಿಟಕಿಯಿಂದ ನೋಡುತ್ತಿದ್ದವರು ಹೊರಗೆ ಬಂದು, ದೀದಿ, ಕಾಲಿನಲ್ಲಿ ಏನು ಹಾಕಿದ್ದೀರಿ ಎಂದು ಹಿಂದಿಯಲ್ಲಿ ಕೇಳಿದರು. ಬೂಟಿನೊಳಗೆ ನನ್ನ ಕಾಲುಂಗುರ. ನಾನು ಎಲ್ಲಿಗೆ ಹೋದರೂ ನಿಧಿ ಹಿಂದೆಯೇ ಬರುತ್ತಿತ್ತು. ಅವರು ನಕ್ಕ ನಗೆಗೆ ನಾನೂ ಸೇರಿಕೊಂಡೆ, ಜೊತೆಗೆ ಬಂದಿದ್ದ ನೀಲಾ ಮಾತ್ರ ಅವರ ಹುಲ್ಲಿಗೆ ಸಾರಿ ಹೇಳುತ್ತ ನಿಂತಿದ್ದಳು.

ಗುಂಡಿ ಮುಚ್ಚುವ ರೀತಿ ನನಗೆ ಬಹಳ ಹಿಡಿಸಿತು. ಹುಲ್ಲನ್ನು ಮೂರು ಕಡೆ ಕೊಯ್ದು ಡಬ್ಬಿಯ ಮುಚ್ಚಳದಂತೆ ಮಗುಚುತ್ತಾರೆ. ಮಣ್ಣನ್ನು ಒಂದು ಬಟ್ಟೆಯ ಮೇಲೆ ತೆಗೆದಿಟ್ಟು, ಕೆಲಸ ಮುಗಿದ ಮೇಲೆ ಹಿಡಿಯಷ್ಟೂ ಬಿಡದೆ ಒಳಗೆ ಸುರಿದು, ಮುಚ್ಚಳ ಮುಚ್ಚಿ ಕಾಲಿನಿಂದ ಒತ್ತುತ್ತಾರೆ. ಅಗೆದ ಗುರುತೇ ಉಳಿಯಬಾರದು. ಹುಬ್ಬಳ್ಳಿಯಲ್ಲಿ ನಮ್ಮ ಮನೆಯ ಮುಂದಿನ ರಸ್ತೆಯನ್ನು ಒಮ್ಮೆ ನೀರಿನವರು, ಒಮ್ಮೆ ಕೇಬಲ್‌ನವರು, ಒಮ್ಮೆ ಯಾರೆಂದೇ ತಿಳಿಯದವರು ಬಂದು ಅಗೆದು ಹೋಗಿದ್ದಾರೆ. ಮುಚ್ಚಲು ಯಾರೂ ವಾಪಸ್ ಬಂದಿಲ್ಲ. ಬಸವರಾಜರನ್ನು ಒಂದು ತಿಂಗಳು ಅಲ್ಲಿಗೆ ಡೆಪ್ಯುಟೇಶನ್ ಮೇಲೆ ಕಳಿಸಬೇಕು ಎಂದೆ.

ಡೋರೀನ್ ಅಜ್ಜಿಯ ತೋಟ

ಅಕ್ಟೋಬರಿನ ಆ ರವಿವಾರ ಕಾಲುಂಗುರ ತೆಗೆದಿಟ್ಟು, ನೀಲಾಳ ಒಂದು ಹಳೆಯ ನೈಲಾನ್ ಸೀರೆ ಉಟ್ಟು ಹೊರಟೆ. ನನ್ನ ಇಳಕಲ್ ಸೀರೆಗೆ ಕೆಸರು ಮೆತ್ತಬಾರದೆಂಬುದು ನನ್ನ ಜಾಣತನ. ಪ್ಯಾಂಟು ಹಾಕಿಕೋ ಎಂದು ನೀಲಾ ಹೇಳಿದಳು. ಸೀರೆಯಲ್ಲಿ ಓಡುವ ಬಸ್ಸು ಹತ್ತಿದವಳಿಗೆ ತೋಟ ಯಾವ ಲೆಕ್ಕ ಎಂದೆ.

ತೋಟದ ಒಡತಿ ಡೋರೀನ್‌ಗೆ ಎಂಬತ್ತು ದಾಟಿದೆ. ಜಾರ್ಜ್‌ಟೌನ್ ಪೇಟೆಯ ಫ್ಲಾಟಿನಲ್ಲಿ ಒಬ್ಬರೇ ಇರುತ್ತಾರೆ, ಅವರ ಹೀಟರ್ ರಿಪೇರಿಗೆ ಹೋದಾಗ ಬಸವರಾಜರಿಗೆ ಪರಿಚಯ. ಹುಟ್ಟಿ ಬೆಳೆದ ತೋಟವನ್ನು ಮನೆ ಕಟ್ಟುವ ಕಂಪನಿಗೆ ಮಾರಿದ್ದರು. ಸೋಮವಾರ ಬೇಲಿ ಹಾಕಿ ಮಣ್ಣು ಕೆರೆಯುವ ಯಂತ್ರಗಳು ಬರುವುದಿತ್ತು. ಅದಕ್ಕೂ ಮುಂಚೆ ನೆಲದಲ್ಲಿ ಏನೇನಿದೆ ಒಮ್ಮೆ ನೋಡಿಕೊಡಿ ಎಂದು ಅವರೇ ಬಸವರಾಜರನ್ನು ಕೇಳಿದ್ದರು. ಕಂಪನಿಯವರೂ ಆ ಒಂದು ದಿನಕ್ಕೆ ಒಪ್ಪಿದ್ದರು. ಹೀಗಾಗಿ ನಮಗಿದ್ದದ್ದು ಅದೊಂದೇ ದಿನ, ಕತ್ತಲಾಗುವವರೆಗೆ.

ನಾವು ಹೋದಾಗ ಅಜ್ಜಿ ಕೆಂಪು ರಬ್ಬರ್ ಬೂಟು ಹಾಕಿಕೊಂಡು ಮಡಚುವ ಕುರ್ಚಿಯ ಮೇಲೆ ಆಗಲೇ ಕೂತಿದ್ದರು. ನಾನು ನನ್ನ ಬಸ್ಸಿನ ಇಂಗ್ಲಿಷಿನಲ್ಲಿ ಜೋರಾಗಿ ಗುಡ್ ಮಾರ್ನಿಂಗ್ ಹೇಳಿದೆ. ನೀಲಾ ನನ್ನ ಮೊಣಕೈ ಜಗ್ಗಿದಳು. ಅಜ್ಜಿಯ ಮುಖ ಅರಳಿತು. ಅವರಿಗೆ ಕಿವಿ ಮಂದವಂತೆ, ಎಷ್ಟೋ ದಿನಗಳ ಮೇಲೆ ಒಬ್ಬರ ಮಾತು ಪೂರ್ತಿ ಕೇಳಿಸಿತಂತೆ. ಅಂದು ಇಡೀ ದಿನ ನನ್ನನ್ನೇ ಪಕ್ಕಕ್ಕೆ ಕರೆಯುತ್ತಿದ್ದರು. ನಾನು ಆಗಾಗ ನೀಲಾಳ ಕಡೆ ನೋಡುತ್ತಿದ್ದೆ, ಅವಳು ಬೇರೆ ಕಡೆ ನೋಡುತ್ತಿದ್ದಳು.

ಮನೆ ಬಿದ್ದು ಎಷ್ಟೋ ಕಾಲವಾಗಿದೆ. ಉಳಿದಿದ್ದದ್ದು ಕಲ್ಲು ಕಟ್ಟಿದ ಒಂದು ನೆಲಮಾಳಿಗೆಯ ಗುಂಡಿ, ಅದರ ಸುತ್ತ ಎತ್ತರಕ್ಕೆ ಬೆಳೆದ ಲೈಲಾಕ್ ಎಂಬ ಹೂಗಿಡಗಳು, ಒಂದು ಮುದಿ ಸೇಬಿನ ಮರ. ಬಯಲಿನಲ್ಲಿ ಲೈಲಾಕ್ ಕಂಡರೆ ಅಲ್ಲೊಂದು ಮನೆಯಿತ್ತು ಅಂತಲೇ ಲೆಕ್ಕ ಎಂದು ಬಸವರಾಜರು ಹೇಳಿದರು, ಮನೆಯ ಹೆಂಗಸರು ಬಾಗಿಲ ಮುಂದೆ ನೆಡುತ್ತಿದ್ದರಂತೆ. ನಮ್ಮ ಬೇಚರಾಕ್ ಹಳ್ಳಿಗಳಲ್ಲಿ ತುಳಸಿ ಕಟ್ಟೆ ಉಳಿದಿರುತ್ತದೆ, ತುಳಸಿ ಇರುವುದಿಲ್ಲ. ಇಲ್ಲಿ ಕಟ್ಟೆ ಇಲ್ಲ, ಗಿಡ ಇದೆ.

ಮೊದಲು ಸಿಕ್ಕಿದ್ದೆಲ್ಲ ಮೊಳೆ. ಆಮೇಲೆ ಬೀರ್ ಡಬ್ಬಿಯ ಬಾಯಿ ತೆರೆಯುವ ಅಲ್ಯುಮಿನಿಯಂ ಉಂಗುರಗಳು. ತೋಟ ಪಾಳು ಬಿದ್ದ ಮೇಲೆ ಸುತ್ತಲಿನ ಹುಡುಗರಿಗೆ ಅದೇ ಕುಡಿಯುವ ಜಾಗವಾಗಿತ್ತು. ಆ ಉಂಗುರಗಳ ಕಾಟ ಬೇಡವೆಂದು ಬಸವರಾಜರು ಯಂತ್ರಕ್ಕೆ ಆ ನಂಬರುಗಳನ್ನೇ ಕೇಳಿಸದಂತೆ ಮಾಡಿಟ್ಟರು. ನಂತರ ಕೆಲಸ ಹಗುರವಾಯಿತು. ಬಗ್ಗಿದ ಚಮಚ ಸಿಕ್ಕಿತು, ಅದರಿಂದ ತನ್ನ ತಮ್ಮ ಕೋಳಿಗೂಡಿನ ಕೆಳಗೆ ಸುರಂಗ ತೋಡುತ್ತಿದ್ದ ಎಂದು ಅಜ್ಜಿ ಹೇಳಿದರು. ಬಾಯಲ್ಲಿ ಊದುವ ವಾದ್ಯದ ತಗಡು ಸಿಕ್ಕಿತು, ಅಪ್ಪ ಅದರಲ್ಲಿ ನುಡಿಸುತ್ತಿದ್ದದ್ದು ಒಂದೇ ಹಾಡಂತೆ. ಅಜ್ಜಿ ಒಂದೊಂದನ್ನೂ ತೊಡೆಯ ಮೇಲಿಟ್ಟುಕೊಂಡು ಬೆರಳಿಂದ ಒರೆಸುತ್ತಿದ್ದರು.

ಸೇಬಿನ ಮರದ ಬುಡದಲ್ಲಿ ನನಗೆ ಗಂಟೆ ಕೇಳಿತು. ಕಾಲುಂಗುರ ಇಲ್ಲ, ಮೋಸ ಇಲ್ಲ. ಅಗೆದರೆ ಅಂಗೈಯಲ್ಲಿ ಭಾರಕ್ಕೆ ಕೂರುವ ತಾಮ್ರದ ನಾಣ್ಯ. ಉಗುಳು ಹಚ್ಚಿ ತಿಕ್ಕಿದೆ. ವಿಕ್ಟೋರಿಯಾ ರಾಣಿ. ಇದೇ ರಾಣಿಯ ಕಾಲಾಣೆ ನಮ್ಮವ್ವನ ದೇವರ ಜಗಲಿಯ ಮೇಲೆ ಕುಂಕುಮದ ಬಟ್ಟಲಲ್ಲಿ ಇರುತ್ತಿತ್ತು. ಈ ಹೆಂಗಸು ನಮ್ಮೂರನ್ನೂ ಬಿಟ್ಟಿಲ್ಲ, ಇವರ ಊರನ್ನೂ ಬಿಟ್ಟಿಲ್ಲ ಎಂದು ಅಜ್ಜಿಗೆ ಹೇಳಿದೆ. ಅಜ್ಜಿ ಬಿದ್ದು ಬಿದ್ದು ನಕ್ಕು, ನಾಣ್ಯ ನೀನೇ ಇಟ್ಟುಕೋ ಎಂದರು.

ಸೆರಗಿನ ಗಂಟು

ತಪ್ಪು ನಡೆದದ್ದು ಊಟದ ನಂತರ. ಗುಂಡಿಯೊಳಗೆ ನಾಣ್ಯ ಎಲ್ಲಿ ಅಡಗಿದೆ ಎಂದು ನೋಡಲು ಗಜ್ಜರಿಯಷ್ಟು ದಪ್ಪದ ಒಂದು ಕೈಯಂತ್ರ ಇರುತ್ತದೆ, ಲೋಹದ ಹತ್ತಿರ ಹೋದರೆ ಜುಂ ಎಂದು ನಡುಗುತ್ತದೆ. ನಾನು ಬಗ್ಗಿದಾಗೆಲ್ಲ ಕೊರಳ ತಾಳಿ ಜೋತು ಬಿದ್ದು ಅದು ನಡುಗುತ್ತಿತ್ತು. ಎರಡು ಸಲ ಸಹಿಸಿದೆ. ಮೂರನೆಯ ಸಲಕ್ಕೆ ತಾಳಿ ತೆಗೆದೆ.

ನೀಲಾ ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟಳು. ಅವಳು ತನ್ನದನ್ನು ಕಟ್ಟಿದ ದಿನದಿಂದ ತೆಗೆದವಳಲ್ಲ. ಪಿತ್ತಕೋಶದ ಆಪರೇಷನ್ ಆದಾಗಲೂ ಡಾಕ್ಟರರ ಹತ್ತಿರ ಕಾಡಿ ಬೇಡಿ ಅದರ ಮೇಲೆ ಪಟ್ಟಿ ಅಂಟಿಸಿಕೊಂಡು ಒಳಗೆ ಹೋದವಳು. ತೆಗೆಯುವುದೇ ಆದರೆ ನನ್ನ ಕೈಯಲ್ಲಾದರೂ ಕೊಡು, ಜಾಕೆಟ್ಟಿನ ಜಿಪ್ಪಿನ ಕಿಸೆಯಲ್ಲಿ ಇಡುತ್ತೇನೆ ಎಂದಳು. ನಾನು ಕೇಳಬೇಕಲ್ಲ. ಕೀಲಿಕೈ, ಟಿಕೆಟಿನ ಚಿಲ್ಲರೆ, ಗುಳಿಗೆ, ಎಲ್ಲವನ್ನೂ ಜೀವಮಾನವಿಡೀ ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿದವಳು, ಒಂದೂ ಕಳೆದಿಲ್ಲ. ತಾಳಿಯನ್ನೂ ಹಾಗೇ ಕಟ್ಟಿದೆ. ಕಟ್ಟಿದ್ದು ನೈಲಾನಿಗೆ ಎಂಬುದು ತಲೆಗೇ ಬರಲಿಲ್ಲ. ಹತ್ತಿಯ ಸೆರಗು ಗಂಟನ್ನು ಕಚ್ಚಿ ಹಿಡಿಯುತ್ತದೆ, ನೈಲಾನು ಜಾರಿಸುತ್ತದೆ.

ಸ್ವಲ್ಪ ಹೊತ್ತಿನ ಮೇಲೆ ಸೊಂಟಕ್ಕೆ ಕೈ ಹಾಕಿದರೆ ಸೆರಗು ಇತ್ತು, ಗಂಟು ಇರಲಿಲ್ಲ.

ನನ್ನ ತಾಳಿಯ ವಿಷಯ ಇಲ್ಲಿ ಹೇಳಬೇಕು. ನಮ್ಮಲ್ಲಿ ಕರಿಮಣಿ ಸರಕ್ಕೆ ಎರಡು ಬಂಗಾರದ ತಾಳಿ ಇರುತ್ತವೆ, ಒಂದು ಅತ್ತೆಮನೆಯವರದ್ದು, ಒಂದು ತವರಿನದ್ದು. ನಮ್ಮಪ್ಪ ಅರಳೆ ಮಿಲ್ಲಿನಲ್ಲಿ ಕೂಲಿ, ಅವ್ವನ ಮೈಮೇಲೆ ಇದ್ದದ್ದು ಬಂಗಾರದ ಗುಂಡುಗಳ ಒಂದು ಬೋರಮಾಳ ಸರ. ನನ್ನ ಮದುವೆ ಗೊತ್ತಾದಾಗ ಅದನ್ನು ಅಕ್ಕಸಾಲಿಯ ಮುಂದೆ ಇಟ್ಟು, ಒಂದೇ ಅಚ್ಚಿನಲ್ಲಿ ಎರಡು ತಾಳಿ ಮಾಡಿಸಿದಳು. ಒಂದು ನನಗೆ, ಇನ್ನೊಂದು ಆಗ ಲಂಗ ತೊಟ್ಟು ಕುಂಟಾಬಿಲ್ಲೆ ಆಡುತ್ತಿದ್ದ ನೀಲಾಳಿಗೆ. ಹೆಚ್ಚುಕಡಿಮೆ ಆಗಬಾರದು ಎಂದು ಎದುರಿಗೇ ಕೂತು ತೂಗಿಸಿದಳಂತೆ. ಅಪ್ಪ ಹೋದ, ಅವ್ವ ಹೋದಳು, ಬಾಡಿಗೆಗಿದ್ದ ಚಾಳವನ್ನು ಕೆಡವಿ ಮೊಬೈಲ್ ಅಂಗಡಿಗಳ ಕಾಂಪ್ಲೆಕ್ಸ್ ಕಟ್ಟಿದರು. ಪಂಚಮಿಗೆ ಎಲ್ಲ ಹೆಂಗಸರೂ ತವರಿಗೆ ಹೋಗುವಾಗ ನನ್ನ ಬಸ್ಸು ತುಂಬಿ ತುಳುಕುತ್ತಿತ್ತು. ಟಿಕೆಟ್ ಹರಿದುಕೊಡುವ ನನಗೆ ಮಾತ್ರ ಇಳಿಯಲು ಒಂದು ಸ್ಟಾಪು ಇರಲಿಲ್ಲ, ನೀಲಾಳಿಗಂತೂ ಮೊದಲೇ ಇಲ್ಲ. ಅವ್ವನದು ಅಂತ ನಮ್ಮಿಬ್ಬರ ಹತ್ತಿರ ಉಳಿದದ್ದು ಆ ಎರಡು ಬಿಲ್ಲೆಗಳು ಮಾತ್ರ. ಗಂಡನ ಆಯುಷ್ಯದ ಚಿಂತೆ ನನಗೆ ಹತ್ತಲಿಲ್ಲ, ಅವರು ಗಟ್ಟಿಮುಟ್ಟಾಗಿದ್ದಾರೆ. ಅವ್ವನ ಬಂಗಾರ ಕಳೆದುಕೊಂಡೆನಲ್ಲ ಎಂದು ಬಂದ ದಾರಿಯಲ್ಲೇ ಹಿಂದಕ್ಕೆ ಓಡಿದೆ.

ನೀಲಾಳ ತಾಳಿ

ಎಲ್ಲರೂ ನೆಲ ನೋಡುತ್ತ ನಡೆದೆವು. ಸರ ಮೊದಲು ಕಂಡದ್ದು ಡೋರೀನ್ ಅಜ್ಜಿಗೆ. ಕಿವಿ ಮಂದವಾದರೇನು, ಕಣ್ಣು ಚುರುಕು. ಸೇಬಿನ ಮರದ ಆಚೆ, ಬಟ್ಟೆಗೆ ಅಂಟುವ ಮುಳ್ಳಿನ ಕಾಯಿಗಳ ಗಿಡವೊಂದಿತ್ತು, ಅದಕ್ಕೆ ಸಿಕ್ಕು ಕರಿಮಣಿ ಜೋತಾಡುತ್ತಿತ್ತು. ಸೆರಗು ಅದಕ್ಕೆ ಅಂಟಿದಾಗ ನಾನು ಎಳೆದುಕೊಂಡು ಮುಂದೆ ಹೋಗಿದ್ದೆ, ಗಂಟು ಬಿಚ್ಚಿ ಸರ ಅಲ್ಲೇ ಹರಿದಿತ್ತು. ಅತ್ತೆಮನೆಯ ತಾಳಿ ಸರದ ತಂತಿಗೆ ಸಿಕ್ಕಿಕೊಂಡು ಉಳಿದಿತ್ತು. ಅವ್ವನದು ಕಳಚಿ ಬಿದ್ದಿತ್ತು.

ಗಿಡದ ಸುತ್ತ ಮೊಣಕಾಲುದ್ದ ಒಣಹುಲ್ಲು, ಅದರಡಿ ಇಲಿಗಳ ಬಿಲ. ಕಣ್ಣಿಗೆ ಕಾಣುವ ಮಾತಲ್ಲ. ಬಸವರಾಜರು ಯಂತ್ರ ಹಿಡಿದು ಎರಡು ಸಲ ಸುತ್ತಿದರು, ಅದು ಬಾಯಿ ಬಿಡಲಿಲ್ಲ. ಆಮೇಲೆ ಹಣೆ ಚಚ್ಚಿಕೊಂಡರು. ಸಣ್ಣ ಬಂಗಾರಕ್ಕೂ ಬೀರ್ ಡಬ್ಬಿಯ ಉಂಗುರಕ್ಕೂ ಯಂತ್ರದಲ್ಲಿ ಬರುವುದು ಹೆಚ್ಚುಕಡಿಮೆ ಒಂದೇ ನಂಬರು. ಉಂಗುರ ಬೇಡವೆಂದು ಅವರು ಬಾಯಿ ಮುಚ್ಚಿಸಿದಾಗ ಬಂಗಾರದ ಬಾಯಿ ಕೂಡ ಮುಚ್ಚಿತ್ತು. ತೆರೆದ ಕೂಡಲೇ ಹೆಜ್ಜೆಗೊಂದು ಕಡೆ ಕೂಗತೊಡಗಿತು. ಎಲ್ಲವನ್ನೂ ಅಗೆಯಲು ಹೊತ್ತಿಲ್ಲ. ನಮ್ಮ ತಾಳಿಯದೇ ನಂಬರು ಇಷ್ಟು ಎಂದು ಗೊತ್ತಾದರೆ ಅಷ್ಟನ್ನು ಮಾತ್ರ ಅಗೆಯಬಹುದು ಎಂದರು. ಹೇಳಿ, ಹೆಂಡತಿಯ ಕೊರಳಿನ ಕಡೆ ನೋಡಿ, ಮತ್ತೆ ನೆಲ ನೋಡಿದರು.

ಅದೇ ಅಚ್ಚು, ಅದೇ ತೂಕ, ಅದೇ ಬಂಗಾರ ಅಲ್ಲಿ ಇನ್ನೊಂದಿದ್ದದ್ದು ನೀಲಾಳ ಕೊರಳಲ್ಲಿ.

ನಾನು ಕೇಳಲಿಲ್ಲ. ನನ್ನ ಬಾಯಿ ಕಟ್ಟಿದ್ದು ಅದೊಂದೇ ಸಲ ಇರಬೇಕು. ನೀಲಾ ಮುಂದೆ ಬಂದಳು. “ತೆಗಿಯಂಗಿಲ್ಲ,” ಅಂದಳು ಗಂಡನಿಗೆ. “ಹಿಂಗ ಹಿಡೀತೀನಿ, ನೋಡ್ಕೋರಿ.” ಜಿಪ್ಪಿನ ಜಾಕೆಟ್ಟು ಕಳಚಿ ಎಸೆದು, ಆ ಚಳಿಯಲ್ಲಿ ಒದ್ದೆ ಹುಲ್ಲಿನ ಮೇಲೆ ಮೊಣಕಾಲು, ಅಂಗೈ ಊರಿ ಬಗ್ಗಿದಳು. ಸರವನ್ನು ಹೊರಗೆ ಎಳೆದು, ಅತ್ತೆಮನೆಯ ತಾಳಿಯನ್ನು ಮೇಲಕ್ಕೆ ಸರಿಸಿ ಹಲ್ಲಿನಲ್ಲಿ ಕಚ್ಚಿ ಹಿಡಿದಳು. ತವರಿನದು ಒಂದೇ ನೆಲಕ್ಕೆ ತಾಗುವಂತೆ ಜೋತು ಬಿತ್ತು. ಬಸವರಾಜರು ಆ ಬದಿಯಿಂದ ಈ ಬದಿಗೆ, ಈ ಬದಿಯಿಂದ ಆ ಬದಿಗೆ, ಹೆಂಡತಿಯ ಗದ್ದದ ಕೆಳಗೆ ಮೆಲ್ಲಗೆ ತಟ್ಟೆ ಆಡಿಸಿದರು. ಯಂತ್ರ ಸಣ್ಣಗೆ ಕೂಗಿತು. ನಂಬರು ನಲವತ್ತೆಂಟು. ಇದು ಯಾವ ದೇವರ ಪೂಜೆ ಎಂದು ಡೋರೀನ್ ಅಜ್ಜಿ ನನ್ನನ್ನು ಪಿಸುಮಾತಿನಲ್ಲಿ ಕೇಳಿದರು. ಅವ್ವನ ಪೂಜೆ ಎಂದೆ.

ಆಮೇಲೆ ನಲವತ್ತೆಂಟರ ಆಚೀಚೆ ಬಂದದ್ದನ್ನೆಲ್ಲ ಅಗೆದೆವು. ಬಸವರಾಜರು ತೋರಿಸುವುದು, ನಾನು ಅಗೆಯುವುದು, ನೀಲಾ ಮಣ್ಣು ಬೆರಳಲ್ಲಿ ಹಿಚುಕಿ ನೋಡುವುದು. ಉಂಗುರ, ಉಂಗುರ, ಮತ್ತೆ ಉಂಗುರ. ಒಮ್ಮೆ ಹಳದಿ ಹೊಳಪು ಕಂಡು ನೀಲಾ ಕೂಗಿಯೇಬಿಟ್ಟಳು, ಒರೆಸಿದರೆ ಯಾವುದೋ ಕೋಟಿನ ಹಿತ್ತಾಳೆ ಗುಂಡಿ. ಅಜ್ಜಿ ಕುರ್ಚಿ ಬಿಟ್ಟು ಎದ್ದು ಬಂದು, ಕೋಲಿನಿಂದ ಹುಲ್ಲು ಸರಿಸುತ್ತ ನಮ್ಮ ಜೊತೆ ನಿಂತರು. ಸಂಜೆಗೆ ಗೇಟಿಗೆ ಬೀಗ ಹಾಕುವ ಕಂಪನಿಯ ಆಳು ಟ್ರಕ್ಕಿನಲ್ಲಿ ಬಂದ. ಅಜ್ಜಿ ಅವನ ಮೇಲೆ ಹರಿಹಾಯ್ದು ಇನ್ನಷ್ಟು ಹೊತ್ತು ಗಿಟ್ಟಿಸಿದರು. ಅವನೂ ಪಾಪ, ಇಳಿದು ಬಂದು ಬೂಟುಗಾಲಲ್ಲಿ ಹುಲ್ಲು ಕೆದರಿದ.

ಸಿಗಲಿಲ್ಲ. ಕತ್ತಲಾಗುತ್ತ ಬಂದಾಗ ಬಸವರಾಜರು ಯಂತ್ರ ಆರಿಸಿದರು. ಗುಂಡಿಗಳನ್ನೆಲ್ಲ ಮುಚ್ಚಲೇಬೇಕು ಎಂದು ನಾನೇ ಹೇಳಿದೆ. ನಾಳೆ ಯಂತ್ರ ಬಂದು ಎಲ್ಲವನ್ನೂ ಕೆರೆಯುತ್ತದೆ ಎಂದು ಗೊತ್ತಿದ್ದೂ ಒಂದೊಂದರ ಮುಚ್ಚಳವನ್ನೂ ಮುಚ್ಚಿ ಒತ್ತಿದೆವು. ಕೊನೆಯದನ್ನು ಒತ್ತುವಾಗ ನನಗೆ ಅಳು ಬಂತು. ಮುಚ್ಚಿಡುವುದೇನು, ದನಿ ತೆಗೆದೇ ಅತ್ತೆ. ಡೋರೀನ್ ಅಜ್ಜಿ ನನ್ನ ಕೈ ಹಿಡಿದು, ತನ್ನ ಅವ್ವ ಕೂಡ ಈ ಹೊಲದಲ್ಲಿ ಬೆರಳಿನ ಉಂಗುರ ಕಳೆದುಕೊಂಡವಳು, ಅದೂ ಇಲ್ಲೇ ಎಲ್ಲೋ ಇದೆ ಎಂದರು. ಅಂದು ಸಿಕ್ಕ ಎಲ್ಲದರಲ್ಲಿ ಅವರು ಆರಿಸಿಕೊಂಡದ್ದು ಆ ಬಗ್ಗಿದ ಚಮಚ ಒಂದನ್ನೇ.

ವಾಪಸ್ ಕಾರಿನಲ್ಲಿ

ಜಾರ್ಜ್‌ಟೌನ್ ದೀಪಗಳು ಹಿಂದೆ ಸರಿದವು. ನಾನು ಹಿಂದಿನ ಸೀಟಿನಲ್ಲಿ, ನೀಲಾ ನನ್ನ ಪಕ್ಕ. ಹರಿದ ಸರವನ್ನು ಕೈಯಲ್ಲಿ ಹಿಡಿದು ಕೂತಿದ್ದೆ. ನೀಲಾ ಕೊರಳಿಗೆ ಕೈ ಹಾಕಿ ಸರ ಬಿಚ್ಚಿದಳು. ಆಪರೇಷನ್ನಿಗೂ ತೆಗೆಯದವಳು, ಅಂದು ಮಧ್ಯಾಹ್ನವಷ್ಟೇ ಹಲ್ಲಲ್ಲಿ ಕಚ್ಚಿ ಉಳಿಸಿಕೊಂಡವಳು. ತವರಿನ ತಾಳಿಯನ್ನು ಕಳಚಿ ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

ತಲೆ ಕೆಟ್ಟಿತೇನು ಎಂದು ಬೈದೆ. ನಿನಗೂ ಅವ್ವನದು ಅಂತ ಇರುವುದು ಅದೊಂದೇ ಎಂದೆ.

“ನಿಂದು ಎಲ್ಲಿ ಹೋತು, ಇಲ್ಲೇ ಮಣ್ಣಾಗ ಐತಲ್ಲ,” ಅಂದಳು. “ಅದು ಇನ್ನ ಮ್ಯಾಲ ನಂದು. ನಂದನ್ನ ನೀ ಊರಿಗೆ ತಗೊಂಡು ಹೋಗು.”

ನಾನು ಮತ್ತೆ ಬಾಯಿ ತೆರೆದೆ. ಅವಳು ಹಳೆಯ ನಳದ ಮುಂದಿನ ನೀಲಾಳಂತೆ ನನ್ನನ್ನು ದಿಟ್ಟಿಸಿದಳು. “ಈ ದೇಶದಾಗ ಇಷ್ಟು ವರ್ಷ ಇದ್ದೀನಿ ಅಕ್ಕಾ, ನೆಲದಾಗ ನಂದು ಅಂತ ಒಂದು ಸೂಜಿನೂ ಇರಲಿಲ್ಲ. ಇರ್ಲಿ ಬಿಡು.”

ಬಸವರಾಜರು ಕನ್ನಡಿಯಲ್ಲಿ ನಮ್ಮನ್ನು ನೋಡಿದರು. ಸಿಗ್ನಲ್ಲಿನಲ್ಲಿ ನಿಂತಾಗ ಫೋನು ತೆಗೆದು, ಸರ ಸಿಕ್ಕಿದ ಜಾಗಕ್ಕೆ ನಕ್ಷೆಯಲ್ಲಿ ತಾವು ಹಾಕಿಟ್ಟಿದ್ದ ಚುಕ್ಕಿಯನ್ನು ಹೆಂಡತಿಗೆ ಕಳಿಸಿದರು. ಮನೆಗೆ ಬಂದು ನಮ್ಮ ಮನೆಯವರಿಗೆ ಫೋನು ಹಚ್ಚಿ ಎಲ್ಲ ಹೇಳಿದೆ. ಹುಬ್ಬಳ್ಳಿಯಲ್ಲಿ ಆಗ ಬೆಳಗು, ಅವರು ಹಲ್ಲುಜ್ಜುತ್ತಿದ್ದರು. ತಾಳಿ ಹೋದರೆ ಹೋಯಿತು, ನಾನಂತೂ ಗಟ್ಟಿಯಾಗಿದ್ದೇನೆ, ನಿನ್ನ ಪಾಸ್‌ಪೋರ್ಟು ಇದೆಯೋ ಇಲ್ಲವೋ ನೋಡಿಕೋ ಎಂದರು.

ಹುಬ್ಬಳ್ಳಿ, ಫೋನಿನಲ್ಲಿ

ಊರಿಗೆ ಬಂದು ವರ್ಷದ ಮೇಲಾಯಿತು. ನೀಲಾಳ ತಾಳಿ ನನ್ನ ಸರದಲ್ಲಿದೆ. ಜಾರ್ಜ್‌ಟೌನಿನ ತೋಟದಲ್ಲಿ ಒಂದೇ ನಮೂನೆಯ ಮನೆಗಳು ಸಾಲಾಗಿ ಎದ್ದಿವೆ ಎಂದು ಅವಳು ಆಗಾಗ ಫೋಟೋ ಕಳಿಸುತ್ತಿದ್ದಳು. ಮಣ್ಣನ್ನು ಅಷ್ಟೆಲ್ಲ ಕೆರೆದು ಸರಿಸಿದ್ದಾರೆ, ಆ ಬಿಲ್ಲೆ ಎಲ್ಲಿಗೆ ಹೋಗಿದೆಯೋ ಯಾರಿಗೆ ಗೊತ್ತು ಎಂದು ನಾನು ಹೇಳಿದರೆ ಅವಳು ಒಪ್ಪುತ್ತಿರಲಿಲ್ಲ. ಫೋನಿನ ಚುಕ್ಕಿ ಬಿದ್ದದ್ದು ರಸ್ತೆಯ ತಿರುವಿನಲ್ಲಿರುವ ಒಂದು ಮನೆಯ ಮೇಲೆ, ಅದರ ಅಡಿಗೆಮನೆಯ ಮೇಲೆಯೇ ಅಂತ ಅವಳ ವಾದ. ಅಲ್ಲಿಗೆ ಫಿಲಿಪೀನ್ಸ್‌ನ ಒಂದು ಕುಟುಂಬ ಬಂದಿದೆ ಎಂಬುದನ್ನೂ ಪತ್ತೆ ಮಾಡಿದ್ದಳು.

ಮೊನ್ನೆ ಪಂಚಮಿಯ ದಿನ ಫೋನು ಮಾಡಿದರೆ ಎತ್ತಲಿಲ್ಲ. ನಮಗೆ ಮರುದಿನ ಬೆಳಗಾದ ಮೇಲೆ ಅವಳೇ ಮಾಡಿದಳು. ಶೇಂಗಾ ಉಂಡಿ ಕಟ್ಟಿ, ಡಬ್ಬಿ ತುಂಬಿಕೊಂಡು, ಒಬ್ಬಳೇ ಕಾರು ಓಡಿಸಿಕೊಂಡು ಆ ಮನೆಗೆ ಹೋಗಿದ್ದಳಂತೆ. ಗುರುತಿಲ್ಲ ಪರಿಚಯವಿಲ್ಲ, ಬಾಗಿಲು ಬಡಿದು, ಇವತ್ತು ನಮ್ಮ ಹಬ್ಬ, ನಿಮಗೆ ಕೊಡಬೇಕು ಅನ್ನಿಸಿತು ಎಂದಳಂತೆ. ಬಂಗಾರದ ಸುದ್ದಿ ಎತ್ತಲಿಲ್ಲ. ಆ ಮನೆಯ ಹೆಂಗಸು ಇವಳ ಮುಖ ಒಮ್ಮೆ ನೋಡಿ, ಏನೂ ಕೇಳದೆ ಒಳಗೆ ಕರೆದು, ಅಡಿಗೆಮನೆಯಲ್ಲಿ ಕೂಡಿಸಿ ಚಹಾ ಕೊಟ್ಟಳಂತೆ. ಇವಳು ಬೂಟು ಬಾಗಿಲಲ್ಲೇ ಬಿಟ್ಟು, ಬರಿಗಾಲನ್ನು ನೆಲಕ್ಕೆ ಒತ್ತಿಕೊಂಡು ಬಹಳ ಹೊತ್ತು ಕೂತಿದ್ದಳಂತೆ.

ಮುಂದೆ ಏನಾಯಿತು, ಡಬ್ಬಿಯನ್ನಾದರೂ ವಾಪಸ್ ತಂದೆಯೋ ಇಲ್ಲವೋ ಎಂದು ಕೇಳಿದೆ. ಆ ಹೆಂಗಸು ಡಬ್ಬಿ ತೊಳೆದು, ಅದರ ತುಂಬ ತೆಂಗಿನಕಾಯಿ ಹಾಕಿದ ಅಕ್ಕಿಯ ಸಿಹಿ ತುಂಬಿ, ಇವಳ ಕೈಗಿಟ್ಟು, ಮತ್ತೆ ಬಾ ಎಂದು ಕಾರಿನವರೆಗೂ ಬಂದಿದ್ದಳಂತೆ.

“ತವರಿನವರು ಬರಿಗೈಲೆ ಕಳಸ್ತಾರೇನು ಅಕ್ಕಾ,” ಅಂದಳು ನೀಲಾ.